ಕಲಬುರಗಿಯಲ್ಲಿ ಇದ್ದುಕೊಂಡೇ ದುಬೈನಲ್ಲಿ ಬಾಡಿಗೆ ಮನೆ ಗೊತ್ತು ಮಾಡಬಹುದೇ?

ಬೇಡ. ಮೊದಲ ಒಂದೆರಡು ತಿಂಗಳಿಗೆ ಕಂಪನಿಯ ರೂಮ್ ಅಥವಾ ತಿಂಗಳ ಲೆಕ್ಕದ ಜಾಗ ನೋಡಿಕೊಳ್ಳಿ. ವರ್ಷದ ಕರಾರು ಅಲ್ಲಿಗೆ ಹೋದ ಮೇಲೆಯೇ.

ಕಾರಣ ಚೆಕ್. ನಮ್ಮ ಸೇಡಂ ರಸ್ತೆಯ ಮನೆಗಳ ಹಾಗೆ ಅಡ್ವಾನ್ಸ್ ಕೊಟ್ಟು ತಿಂಗಳು ತಿಂಗಳು ಬಾಡಿಗೆ ಕಟ್ಟುವ ಪದ್ಧತಿ ಅಲ್ಲಿ ಕಡಿಮೆ. ಸಾಮಾನ್ಯವಾಗಿ ಇಡೀ ವರ್ಷದ ಬಾಡಿಗೆಯನ್ನು ಮುಂದಿನ ತಾರೀಖಿನ ಒಂದರಿಂದ ನಾಲ್ಕು ಚೆಕ್‌ಗಳಲ್ಲಿ, ಕೆಲವೆಡೆ ಇನ್ನೂ ಹೆಚ್ಚು ಚೆಕ್‌ಗಳಲ್ಲಿ, ಮೊದಲೇ ಬರೆದುಕೊಡಬೇಕು. ಚೆಕ್‌ಬುಕ್‌ಗೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ (ಅಲ್ಲಿನ ಸರ್ಕಾರಿ ಗುರುತಿನ ಚೀಟಿ), ಐಡಿಗೆ ವಾಸದ ವೀಸಾ. ಇದೆಲ್ಲ ಕೈಗೆ ಬರಲು ವಾರಗಳೇ ಹಿಡಿಯುತ್ತವೆ.

ಮೊದಲ ಚೆಕ್ಕಿನ ಹಣವಲ್ಲದೆ ವರ್ಷದ ಬಾಡಿಗೆಯ ಶೇ 5ರಷ್ಟು ಠೇವಣಿ (ಮಂಚ, ಸೋಫಾ ಎಲ್ಲ ಇರುವ ಮನೆಯಾದರೆ ಶೇ 10), ಏಜೆಂಟಿಗೆ ಸುಮಾರು ಶೇ 5, ಫ್ಲಾಟಿನ ಕರೆಂಟು-ನೀರಿಗೆ 2,000 ದಿರ್ಹಂ ಠೇವಣಿ ಎತ್ತಿಡಿ. ಕರಾರನ್ನು ‘ಎಜಾರಿ’ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಲೇಬೇಕು. ಕರೆಂಟು ನಿಮ್ಮ ಹೆಸರಿಗೆ ಬರಲು, ಹೆಂಡತಿ-ಮಕ್ಕಳ ವೀಸಾಕ್ಕೆ ಅದನ್ನೇ ಕೇಳುತ್ತಾರೆ. ವಾಟ್ಸ್ಆ್ಯಪ್ ಫೋಟೋ ನಂಬಿ ಇಲ್ಲಿಂದಲೇ ದುಡ್ಡು ಕಳಿಸಬೇಡಿ. ಮನೆ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದ ಒಳಬಾಡಿಗೆ ಅಲ್ಲಿ ಕಾನೂನುಬಾಹಿರ, ಯಾವಾಗ ಬೇಕಾದರೂ ಖಾಲಿ ಮಾಡಿಸಬಹುದು.

ಕುಟುಂಬವನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ವಿವಾಹ ನೋಂದಣಿ ಪತ್ರಕ್ಕೆ ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿಯ ದೃಢೀಕರಣವನ್ನು ಹೊರಡುವ ಮೊದಲೇ ಮಾಡಿಸಿ.