ಸಿಗಾರ್ ಪೆಟ್ಟಿಗೆಗೆ ಯಾವ ನೀರು ಹಾಕಬೇಕು? ಸುರಂಗದ ನೀರು ಆಗುತ್ತದಾ?

ಡಿಸ್ಟಿಲ್ಡ್ ವಾಟರ್ ಹಾಕಿ. ಸುರಂಗದ (ಗುಡ್ಡವನ್ನು ಅಡ್ಡಕ್ಕೆ ಕೊರೆದು ತೆಗೆದ ಬಾವಿಯ) ನೀರು ಬೇಡ, ಬಾಟಲಿ ನೀರೂ ಬೇಡ. ಆದರೆ ನೀವು ಕೇಳುತ್ತಿರುವುದು ಕಾಸರಗೋಡಿನ ಪೆರ್ಲದಿಂದ, ಅದೂ ಮಳೆ ಸುರಿಯುವ ಜೂನ್ ತಿಂಗಳಲ್ಲಿ. ಹಾಗಾಗಿ ಸದ್ಯಕ್ಕೆ ಯಾವ ನೀರನ್ನೂ ಹಾಕಬೇಡಿ ಅನ್ನುವುದೇ ನನ್ನ ಸಲಹೆ.

ಇನ್ನೊಬ್ಬರು ಓದುವಾಗ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳುತ್ತೇನೆ. ದುಬೈಯಲ್ಲಿರುವ ನಿಮ್ಮ ಭಾವ ಸಿಗಾರ್ ಮತ್ತು ಅದು ಒಣಗದಂತೆ ತೇವದಲ್ಲಿ ಇಡುವ ಮರದ ಪೆಟ್ಟಿಗೆ (ಹ್ಯೂಮಿಡಾರ್) ತಂದುಕೊಟ್ಟಿದ್ದಾರೆ. ಅದರ ಮುಚ್ಚಳದೊಳಗೆ ಸ್ಪಂಜಿನ ಡಬ್ಬಿ ಇದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಅಂತ ಹೇಳಿ ಹೋಗಿದ್ದಾರೆ. ಊರಿನ ಅಂಗಡಿಗಳಲ್ಲಿ ಅದು ಸಿಗುತ್ತಿಲ್ಲ, ಮನೆಯಲ್ಲಿ ಒಳ್ಳೆಯ ಸುರಂಗದ ನೀರಿದೆ, ಅದು ಸಾಲದಾ? ಇಷ್ಟು. ನಾನು ದುಬೈಯಲ್ಲಿ ತಂಬಾಕಿನ ಅಂಗಡಿಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿ ಈಗ ಬದಿಯಡ್ಕದ ಕಡೆ ತೋಟ ನೋಡಿಕೊಂಡಿದ್ದೇನೆ. ಅಲ್ಲಿನ ಏಸಿ ಕೋಣೆಯಲ್ಲಿ ನಡೆಯುವ ನಿಯಮ ನಮ್ಮ ಕಾಸರಗೋಡಿನಲ್ಲಿ ಅರ್ಧ ಮಾತ್ರ ನಡೆಯುತ್ತದೆ.

ನೀರು ಯಾಕೆ ಶುದ್ಧ ಇರಬೇಕು ಅನ್ನುವುದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಸ್ಪಂಜಿನಿಂದ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿದ್ದ ಸುಣ್ಣ, ಉಪ್ಪು, ಕಬ್ಬಿಣ ಆವಿಯ ಜೊತೆ ಹೋಗುವುದಿಲ್ಲ, ಅಲ್ಲೇ ಕೂರುತ್ತವೆ. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕಥೆ. ಪ್ರತಿ ಸಲ ನೀರು ತುಂಬಿದಾಗ ಸ್ವಲ್ಪ ಸ್ವಲ್ಪ ಸೇರಿ ಕೊನೆಗೆ ಸ್ಪಂಜಿನ ತೂತುಗಳು ಮುಚ್ಚಿಕೊಳ್ಳುತ್ತವೆ. ಅಂದರೆ ಖನಿಜದಿಂದ ಹಾಳಾಗುವುದು ಸ್ಪಂಜು. ಸಿಗಾರ್‌ಗೆ ಅದು ತಲುಪುವುದೇ ಇಲ್ಲ. ಸಿಗಾರ್‌ಗೆ ತಗಲುವುದು ಆವಿಯ ಜೊತೆ ಏಳುವ ವಾಸನೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಆ ನೀರು ಮೂಸಿ ನೋಡಿ, ಗೊತ್ತಾಗುತ್ತದೆ. ಇನ್ನೊಂದು ತೊಂದರೆ ಬೂಷ್ಟು. ಯಾವಾಗಲೂ ಒದ್ದೆ ಇರುವ ಸ್ಪಂಜು, ಗಾಳಿಯಾಡದ ಕತ್ತಲೆ ಪೆಟ್ಟಿಗೆ, ನಮ್ಮ ಸೆಕೆ. ಬೂಷ್ಟಿಗೆ ಇನ್ನೇನು ಬೇಕು?

ಸುರಂಗದ ನೀರಿನ ಬಗ್ಗೆ ನನಗೆ ನಿಮ್ಮಷ್ಟೇ ಅಭಿಮಾನ ಇದೆ. ಮುರಕಲ್ಲಿನ ಗುಡ್ಡದೊಳಗಿಂದ ಬರುವ ನೀರಿನಲ್ಲಿ ಸುಣ್ಣ ಕಡಿಮೆ. ನೀರಿನಲ್ಲಿ ಕರಗಿದ ಖನಿಜ ಅಳೆಯುವ ಟಿಡಿಎಸ್ ಮೀಟರ್ ಇಟ್ಟು ನೋಡಿದರೆ ಅಂಗಡಿಯ ಬಾಟಲಿ ನೀರಿಗಿಂತ ಕಡಿಮೆ ತೋರಿಸಿದರೂ ಆಶ್ಚರ್ಯವಿಲ್ಲ. ಆದರೆ ಅದು ಮಣ್ಣು, ಬೇರು, ಬಾವಲಿಗಳ ನಡುವೆ ಹರಿದು ಬಂದ ನೀರು. ಬೂಷ್ಟಿನ ಬೀಜ ಅದರಲ್ಲಿ ಇದ್ದೇ ಇರುತ್ತದೆ. ಕುದಿಸಿದರೆ ಅದು ಸಾಯಬಹುದು, ಆದರೆ ನೀರು ಬತ್ತಿದಷ್ಟೂ ಉಳಿದ ನೀರಿನಲ್ಲಿ ಖನಿಜದ ಪಾಲು ಏರುತ್ತದೆ. ಕುದಿಸಿ ಆರಿಸಿದ ನೀರೇ ಡಿಸ್ಟಿಲ್ಡ್ ವಾಟರ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಡಿಸ್ಟಿಲ್ಡ್ ಅಂದರೆ ಏಳುವ ಆವಿಯನ್ನು ಹಿಡಿದು ತಣಿಸಿದ ನೀರು. ಪಾತ್ರೆಯಲ್ಲಿ ಉಳಿದದ್ದಲ್ಲ.

ಬಾಟಲಿ ನೀರಿನಲ್ಲಿ ರುಚಿಗಾಗಿ ಖನಿಜ ಸೇರಿಸುವುದೂ ಉಂಟು. ಆರ್‌ಒ ನೀರು ಅದಕ್ಕಿಂತ ಮೇಲು, ಆದರೂ ಸೊನ್ನೆ ಅಲ್ಲ. ಕಡಲ ಬದಿಯ ಬಾವಿ ಬೇಸಿಗೆಯಲ್ಲಿ ಉಪ್ಪಾಗಿದ್ದರೆ ಆರ್‌ಒದಿಂದ ಹೊರಗೆ ಬರುವುದರಲ್ಲೂ ಅಷ್ಟು ಹೆಚ್ಚು ಉಳಿದಿರುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರು ಹುಟ್ಟುವಾಗ ಶುದ್ಧವೇ, ಪೈಪಿನ ಕೊನೆಗೆ ಬರುವಷ್ಟರಲ್ಲಿ ಏಸಿಯ ಒಳಗಿನ ಧೂಳು, ಲೋಳೆ ಎಲ್ಲ ಹೊತ್ತು ತರುತ್ತದೆ. ಬೇಡ.

ಎಲ್ಲಿ ಸಿಗುತ್ತದೆ? ಮೆಡಿಕಲ್ ಶಾಪಿನಲ್ಲಿ ‘ಸ್ಟೆರೈಲ್ ವಾಟರ್ ಫಾರ್ ಇಂಜೆಕ್ಷನ್’ ಕೇಳಿ. 5 ಅಥವಾ 10 ಎಂಎಲ್‌ನ ಪುಟ್ಟ ಟ್ಯೂಬ್, ಬೆಲೆಯೂ ಕಡಿಮೆ. ಸಣ್ಣ ಸ್ಪಂಜಿಗೆ ಕೆಲವು ಟ್ಯೂಬ್ ಸಾಕು. ಸಲೈನ್ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದರಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ಇನ್ವರ್ಟರಿಗೆ ಹಾಕುವ ಬ್ಯಾಟರಿ ವಾಟರ್‌ನಲ್ಲೂ ಖನಿಜ ಇರುವುದಿಲ್ಲ. ಆದರೆ ಕೆಲವು ಕಂಪನಿಯವರು ನೀರನ್ನು ಆವಿ ಮಾಡುವುದಿಲ್ಲ, ರಾಸಾಯನಿಕ ಫಿಲ್ಟರಿನಲ್ಲಿ ಹಾಯಿಸಿ ಖನಿಜ ಮಾತ್ರ ತೆಗೆಯುತ್ತಾರೆ, ಬೂಷ್ಟಿನ ಬೀಜ ಉಳಿದಿರಬಹುದು. ಬೇರೇನೂ ಸಿಗದಿದ್ದರೆ ಸೀಲ್ ಒಡೆಯದ ಬಾಟಲಿ ತನ್ನಿ. ಗ್ಯಾರೇಜಿನ ತೆರೆದ ಕ್ಯಾನಿನಿಂದ ಮಾತ್ರ ಬೇಡ, ಆಸಿಡ್ ಸುರಿದ ಆಲಿಕೆಯನ್ನೇ ಅದಕ್ಕೂ ಬಳಸಿರುತ್ತಾರೆ.

ಅರ್ಧ ನೀರು, ಅರ್ಧ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿ ಹಾಕುವ ಪದ್ಧತಿಯೂ ಇದೆ. ಆ ಮಿಶ್ರಣ ಪೆಟ್ಟಿಗೆಯ ತೇವಾಂಶವನ್ನು ಸುಮಾರು 70 ಶೇಕಡಾದಲ್ಲಿ ಹಿಡಿದಿಡುತ್ತದೆ, ಬೂಷ್ಟನ್ನೂ ತಡೆಯುತ್ತದೆ. ಇದು ಸ್ಪಂಜಿಗೆ ಸರಿ. ಸ್ಪಂಜಿನ ಬದಲು ನೀರು ಹೀರುವ ಸಿಲಿಕಾ ಮಣಿಗಳಿದ್ದರೆ ಬರೀ ಡಿಸ್ಟಿಲ್ಡ್ ನೀರು ಮಾತ್ರ, ಗ್ಲೈಕಾಲ್ ಮಣಿಯ ತೂತು ಮುಚ್ಚಿಬಿಡುತ್ತದೆ. ಗ್ಲೈಕಾಲ್ ಅಂತ ಪೆಟ್ರೋಲ್ ಬಂಕಿನ ಕೂಲೆಂಟ್ ತರಬೇಡಿ ಮಾರಾಯ್ರೇ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ಅದು ವಿಷ.

ಇನ್ನು ಮಳೆಗಾಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ 85, 90 ಶೇಕಡಾ ತೇವ ಹೊತ್ತಿರುತ್ತದೆ. ಸಿಗಾರ್‌ಗೆ ಬೇಕಾದ್ದು 65ರಿಂದ 70. ಪುಸ್ತಕದ ಲೆಕ್ಕದ 70 ಕೂಡ 21 ಡಿಗ್ರಿ ತಂಪಿಗೆ ಹೇಳಿದ್ದು. ನಮ್ಮ 28, 30 ಡಿಗ್ರಿಗೆ 62ರಿಂದ 65 ಸಾಕು ಅನ್ನುವುದು ನನ್ನ ಲೆಕ್ಕ. ಬರೀ ನೀರು ತುಂಬಿದ ಸ್ಪಂಜಿಗೆ ಕೊಡುವುದು ಮಾತ್ರ ಗೊತ್ತು, ಹೀರಿಕೊಳ್ಳುವುದು ಗೊತ್ತಿಲ್ಲ. ಆದ್ದರಿಂದ ಈಗ ಸ್ಪಂಜು ತೆಗೆದು ಒಣಗಿಸಿಡಿ. ಸಿಗಾರ್‌ಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬೊವೇಡಾದಂಥ, ತೇವ ಕೊಡುವ ಮತ್ತು ಹೀರುವ ಎರಡೂ ಕೆಲಸ ಮಾಡುವ ಪ್ಯಾಕೆಟ್ ಇಡಿ. 62 ಅಥವಾ 65 ಅಂತ ಬರೆದದ್ದು ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕೆ ನೀರಿನ ಗೊಡವೆಯೇ ಇಲ್ಲ. ಮರದ ಪೆಟ್ಟಿಗೆ ಸುಮ್ನೆ ಇರಲಿ. ಡಿಸೆಂಬರ್ ಕಳೆದು ಗಾಳಿ ಒಣಗಿದ ಮೇಲೆ ಅದನ್ನು ಬಳಸಿ, ಆಗ ಡಿಸ್ಟಿಲ್ಡ್ ನೀರು ನಿಜವಾಗಿ ಬೇಕಾಗುತ್ತದೆ. ತುಂಬಿದ ಮೇಲೆ ಸ್ಪಂಜನ್ನು ಕೊಡವಿ, ಹೊರಗಿನ ಹನಿ ಒರೆಸಿ, ಆಮೇಲೆ ಮುಚ್ಚಳಕ್ಕೆ ಅಂಟಿಸಿ. ಸಿಗಾರಿನ ಎಲೆಯ ಮೇಲೆ ಒಂದು ಹನಿ ಬಿದ್ದರೂ ಕಲೆ.

ಸೆಕೆಗೆ ತಂಬಾಕಿನ ಹುಳವೂ ಬರುತ್ತದೆ. 25 ಡಿಗ್ರಿ ದಾಟಿದರೆ ಮೊಟ್ಟೆ ಒಡೆಯುವುದು ಸುಲಭ. ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಎಲ್ಲವನ್ನೂ ಜಿಪ್ ಕವರಿನಲ್ಲಿ ಹಾಕಿ ಮೂರು ದಿನ ಫ್ರೀಜರ್, ಒಂದು ದಿನ ಫ್ರಿಜ್, ಆಮೇಲೆ ಹೊರಗೆ.

ಪೆಟ್ಟಿಗೆಯ ಜೊತೆ ಬರುವ, ತೇವಾಂಶ ತೋರಿಸುವ ಮುಳ್ಳಿನ ಮೀಟರನ್ನು ಪರೀಕ್ಷಿಸದೆ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದರಿಂದ 5 ಕಳೆದು ಓದಿ.