ಅವ್ವನ ಹೆಬ್ಬೆಟ್ಟು

ಟೀಚರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಓದಿದಷ್ಟೂ ಸಿಟ್ಟು ಬಂತು. ನಿಮ್ಮ ಮೇಲಲ್ಲ.

ಉಳಿದ ಓದುಗರಿಗೆ ಹೇಳುತ್ತೇನೆ. ಇವರು ಕಲಬುರಗಿಯಲ್ಲಿ ಶಿಕ್ಷಕಿ, ತವರು ಆಳಂದ ತಾಲ್ಲೂಕಿನ ಹಳ್ಳಿ. ಅಪ್ಪ ಕಳೆದ ವರ್ಷ ತೀರಿಕೊಂಡರು, ಉಯಿಲು ಬರೆದಿಲ್ಲ. ಹಿರಿಯರಿಂದ ಬಂದ 12 ಎಕರೆ ತೊಗರಿ ಹೊಲವಿದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಅಂತ ಅಣ್ಣ ಕೇಳುತ್ತಿದ್ದಾರೆ. ಮಾರ್ಚ್ 8ಕ್ಕೆ ಇವರು ಶಾಲೆಯಲ್ಲಿ ಅಕ್ಕಮಹಾದೇವಿ ಬಗ್ಗೆ ಭಾಷಣ ಮಾಡಿದ್ದರು. 'ಎಲ್ಲಾ ಬಿಟ್ಟ ಅಕ್ಕನನ್ನು ಹೊಗಳಿ ನಾನೇ ಹೊಲಕ್ಕೆ ಕೈ ಚಾಚಿದರೆ, ಹುಡುಗಿಯರಿಗೆ ಯಾವ ಮುಖ ತೋರಿಸಲಿ?' ಅಂತ ಕೇಳಿದ್ದಾರೆ.

ಟೀಚರ್, ಪತ್ರದ ಕೊನೆಗೆ ಒಂದು ಸಾಲು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ: 'ಅವ್ವ ಆಗಲೇ ಹೆಬ್ಬೆಟ್ಟು ಒತ್ತಿದ್ದಾಳೆ.' ನನ್ನ ನಿದ್ದೆ ಕೆಡಿಸಿದ್ದು ಆ ಸಾಲು. ನಲವತ್ತು ವರ್ಷ ಆ ಹೊಲದಲ್ಲಿ ಕಳೆ ಕಿತ್ತು, ತೊಗರಿ ಕೊಯ್ದ ಹೆಂಗಸು. ಓದು ಬರಲ್ಲ. ಆ ಕಾಗದದಲ್ಲಿ ಏನಿದೆ ಅಂತ ಅವರಿಗೆ ಯಾರು ಓದಿ ಹೇಳಿದರು?

ನಿಮ್ಮ ಅಣ್ಣನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನೆಟೆ ರೋಗಕ್ಕೆ ಬೆಳೆ ಹೋಗಿದೆ, ಸಾಲ ಇದೆ. ಸಿಟ್ಟು ಸೋದರಮಾವನ ಮೇಲೆ. 'ಸಹಿ ಹಾಕದಿದ್ದರೆ ಪಂಚಮಿಗೆ ಕರೆಯೋಕೆ ಯಾರೂ ಬರಲ್ಲ' ಅಂತ ನಿಮ್ಮನ್ನು ಹೆದರಿಸಿದವರು ಅವರು. ಸ್ವಂತ ಅಕ್ಕನ ಬೆನ್ನಿಗೆ ನಿಲ್ಲಬೇಕಾದವರು, ಅವಳ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ್ದಾರೆ.

ಈಗ ಅಕ್ಕಮಹಾದೇವಿಯ ಮಾತು. ಅಕ್ಕ ರಾಜ ಕೌಶಿಕನ ಅರಮನೆಯನ್ನು ತಾನಾಗಿ ಬಿಟ್ಟು ಹೊರಟಳು. ಯಾರೂ ಕಾಗದ ತಂದು ಬಿಡಿಸಿಕೊಳ್ಳಲಿಲ್ಲ. ಕಲ್ಯಾಣಕ್ಕೆ ಬಂದು ಅಲ್ಲಮಪ್ರಭುವಿನ ಪ್ರಶ್ನೆಗಳಿಗೆ ಎದುರು ನಿಂತು ಉತ್ತರ ಕೊಟ್ಟಳು. ಆ ಭಾಗವನ್ನು ನಾವು ಭಾಷಣದಲ್ಲಿ ಜಾಸ್ತಿ ಹೇಳಲ್ಲ, ಅಲ್ವಾ? ಅದೇ ಕಲ್ಯಾಣದಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನೂ ಇದ್ದಳು. ಗಂಡ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ವಾಪಸ್ ಸುರಿದು ಬನ್ನಿ ಅಂದವಳು. ನಮ್ಮದಲ್ಲದ್ದು ಬೇಡ ಅನ್ನೋಕೂ, ನಮ್ಮದು ಯಾವುದು ಅಂತ ಮೊದಲು ಗೊತ್ತಿರಬೇಕು. ಮುಂದಿನ ಸಲ ಹುಡುಗಿಯರಿಗೆ ಲಕ್ಕಮ್ಮನ ಕತೆ ಹೇಳಿ.

ನಿಮ್ಮದು ಯಾವುದು ಅಂತ ಕಾನೂನು ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ, ಹಿರಿಯರ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಮದುವೆಯಾಗಿದ್ದರೂ ಅಷ್ಟೇ. ಅಪ್ಪನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಹಕ್ಕಿದೆ. ನಿಮ್ಮವ್ವ ಬಿಟ್ಟುಕೊಡುತ್ತಿರುವುದು ಅದನ್ನೇ. 'ನಾನೇನು ಸ್ತ್ರೀವಾದಿ ಅಲ್ಲ' ಅಂತ ಬರೆದಿದ್ದೀರಿ. ಓದಿ, ಅರ್ಥ ಮಾಡಿಕೊಂಡು ಆಮೇಲೆ ಸಹಿ ಮಾಡುವುದನ್ನೇ ನಾನು ಸ್ತ್ರೀವಾದ ಅಂತ ಕರೆಯೋದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ!

ನೀವು ಮಾಡಬೇಕಾದ್ದು ಒಂದೇ. ಈ ಭಾನುವಾರ ಊರಿಗೆ ಹೋಗಿ. ಅಣ್ಣ, ಮಾವ ಯಾರೂ ಇಲ್ಲದಾಗ ಅವ್ವನ ಪಕ್ಕ ಕೂತು ಆ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿ. ಹಕ್ಕು ಬಿಡುಗಡೆ ಪತ್ರಕ್ಕೆ ನೋಂದಣಿ ಆಗಲೇಬೇಕು. ಅದಿನ್ನೂ ಆಗಿಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಟೈಮ್ ಇದೆ. ಅವ್ವ ತನ್ನ ಬಾಯಿಂದ ಬೇಕು ಅಥವಾ ಬೇಡ ಅನ್ನುವವರೆಗೆ ನೀವು ಪೆನ್ನು ಮುಟ್ಟಬೇಡಿ.