ಕನ್ಯಾಕುಮಾರಿಗೆ ಹೋಗುವವರ ಪ್ರಶ್ನೆಗಳು

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಮಕ್ಕಳು, ಅತ್ತೆ ಎಲ್ಲ ಸೇರಿ ಕನ್ಯಾಕುಮಾರಿಗೆ ಹೊರಟಿದ್ದೇವೆ. ಮೂರು ಸಮುದ್ರ ಸೇರುವ ಗೆರೆ ಕಾಣುತ್ತದಂತೆ, ಹೌದಾ? ಅತ್ತೆಗೆ ಮೊಣಕಾಲು ನೋವು, ಕಡಲ ನಡುವಿನ ವಿವೇಕಾನಂದ ಬಂಡೆಗೆ ಕರೆದುಕೊಂಡು ಹೋಗಬಹುದಾ?
- ಓದುಗರು, ಕುಂಬಳೆ

ಉತ್ತರ: ಗೆರೆ ಗಿರೆ ಏನೂ ಇಲ್ಲ. ಮೋಡದ ನೆರಳು ಬಿದ್ದಲ್ಲಿ, ಮರಳು ಕಲಕಿದಲ್ಲಿ ನೀರಿನ ಬಣ್ಣ ಬೇರೆ ಕಾಣುತ್ತದೆ. ಅದನ್ನೇ ತೋರಿಸಿ ಮೂರು ಸಮುದ್ರ ಅನ್ನುತ್ತಾರೆ, ಅಷ್ಟೆ.

ನನ್ನನ್ನು ಕೇಳಿದರೆ ಅಲ್ಲಿಗೆ ಹೋಗಬೇಕಾದದ್ದು ಸೂರ್ಯೋದಯಕ್ಕೆ. ಸೂರ್ಯ ಕಡಲಿಗೆ ಇಳಿಯುವುದನ್ನು ನಾವು ಬೇಕಲದಲ್ಲೋ ಕುಂಬಳೆಯಲ್ಲೋ ಬೇಕಾದಾಗ ನೋಡುತ್ತೇವೆ, ಆದರೆ ನಮಗೆ ಬೆಳಗಾಗುವುದು ಯಾವತ್ತೂ ಗುಡ್ಡೆ, ಕಂಗಿನ ತೋಟದ ಕಡೆಯಿಂದಲೇ ಅಲ್ವಾ? ಅಲ್ಲಿ ಅವನು ನೀರಿನಿಂದಲೇ ಏಳುತ್ತಾನೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮುಳುಗುವುದೂ ನೀರಿನಲ್ಲೇ. ಮೇ ತಿಂಗಳಿಗೆ ಹೋದರೆ ಸಂಜೆ ನೆಲದ ಕಡೆಗೆ ಸರಿದಿರುತ್ತಾನೆ. ಒಂದೇ ತೊಂದರೆ ಏನೆಂದರೆ ಆ ಕಡೆ ಹಿಂಗಾರು ಮಳೆ ಡಿಸೆಂಬರಿನಲ್ಲೂ ಕಾಡುವುದುಂಟು, ಮೋಡ ಕವಿದರೆ ಸುಮ್ನೆ ನಸುಕಿಗೆ ಎದ್ದದ್ದೇ ಬಂತು. ಎರಡು ರಾತ್ರಿ ಉಳಿಯಿರಿ.

ಅತ್ತೆಯವರಿಗೆ ಕಷ್ಟ ಆಗುವುದು ಬೋಟಿನಲ್ಲಿ ಕೂರುವಾಗ ಅಲ್ಲ, ಹತ್ತಿ ಇಳಿಯುವಾಗ. ಬೋಟು ತೂಗುತ್ತಲೇ ಇರುತ್ತದೆ, ಕಟ್ಟೆಗೂ ಅದಕ್ಕೂ ನಡುವೆ ಕಾಲಿಡಬೇಕು, ಮೈಮೇಲೆ ಲೈಫ್ ಜಾಕೆಟ್, ಹಿಂದಿನಿಂದ ಜನರ ಅವಸರ. ರಜೆಯ ಕ್ಯೂ ಅಂತೂ ಕೇಳಬೇಡಿ. 1892ರ ಡಿಸೆಂಬರಿನಲ್ಲಿ ವಿವೇಕಾನಂದರು ಆ ಬಂಡೆಗೆ ಈಜಿಕೊಂಡು ಹೋದರು ಅನ್ನುತ್ತಾರೆ, ಅವರಿಗೆ ಕ್ಯೂ ಇರಲಿಲ್ಲ ಬಿಡಿ. ಅತ್ತೆಯವರನ್ನು ದಡದ ಗಾಂಧಿ ಮಂಟಪದಲ್ಲಿ ಕೂರಿಸಿ, ಬಂಡೆಯ ಮೇಲಿನ 1970ರ ವಿವೇಕಾನಂದ ಸ್ಮಾರಕವೂ, ಪಕ್ಕದ ಬಂಡೆಯ 133 ಅಡಿಯ ತಿರುವಳ್ಳುವರ್ ಪ್ರತಿಮೆಯೂ ದಡದಿಂದಲೇ ಕಾಣುತ್ತವೆ. ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗಿ. 2024ರ ಕೊನೆಗೆ ಎರಡು ಬಂಡೆಗಳ ಮಧ್ಯೆ 77 ಮೀಟರ್ ಉದ್ದದ ಗಾಜಿನ ಸೇತುವೆ ಆಗಿದೆ, ಕಾಲಡಿಯಲ್ಲಿ ಅಲೆ ಒಡೆಯುವುದು ಕಾಣುತ್ತದೆ.

ಪ್ರಶ್ನೆ: ಭಾರತದ ದಕ್ಷಿಣದ ತುದಿ ಕನ್ಯಾಕುಮಾರಿ ಅಂತ ಮಗ ಬರೆದದ್ದಕ್ಕೆ ಟೀಚರ್ ತಪ್ಪು ಹಾಕಿದ್ದಾರೆ!
- ಓದುಗರು, ಬದಿಯಡ್ಕ

ಉತ್ತರ: ಟೀಚರ್ ಸರಿ. ಅದು ಮುಖ್ಯ ಭೂಭಾಗದ ತುದಿ ಮಾತ್ರ. ದೇಶದ ತುದಿ ಗ್ರೇಟ್ ನಿಕೋಬಾರ್ ದ್ವೀಪದ ಇಂದಿರಾ ಪಾಯಿಂಟ್. 2004ರ ಭೂಕಂಪದಲ್ಲಿ ಅಲ್ಲಿಯ ನೆಲವೇ 4 ಮೀಟರಿಗಿಂತ ಜಾಸ್ತಿ ಕುಸಿದು, ಲೈಟ್‌ಹೌಸಿನ ಬುಡಕ್ಕೆ ಕಡಲು ಬಂತು.

ಪ್ರಶ್ನೆ: ನಮಗೆ ತಮಿಳು ಬರುವುದಿಲ್ಲ. ಅಲ್ಲಿ ಮಲಯಾಳ ನಡೆಯುತ್ತದಾ?
- ಓದುಗರು, ಮಂಜೇಶ್ವರ

ಉತ್ತರ: ಧಾರಾಳ. ಅದು ಹಿಂದೆ ತಿರುವಾಂಕೂರಿನ ನೆಲ. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ಮದರಾಸಿನಿಂದ ಕೇರಳಕ್ಕೆ ಬಂತು, ಅದೇ ದಿನ ಅವರು ಮದರಾಸಿಗೆ ಹೋದರು. ಹಾಗಾಗಿ ಹೋಟೆಲು, ಆಟೋ, ಅಂಗಡಿ ಎಲ್ಲ ಕಡೆ ಮಲಯಾಳದಲ್ಲೇ ಸುಧಾರಿಸಬಹುದು. ಕನ್ನಡ ಬೋರ್ಡು ಮಾತ್ರ ಹುಡುಕಬೇಡಿ, ಅದಕ್ಕೆ ನಾವು ಇಲ್ಲೇ ಇನ್ನೂ ಅರ್ಜಿ ಕೊಡುತ್ತಾ ಇದ್ದೇವೆ.